ಸುಡದ ಬತ್ತಿ

ನಿನ್ನೆ ಸಂಜೆ ನಮ್ಮ ಮನೆ ತುಂಬ ಸುಟ್ಟ ಬತ್ತಿಯ ವಾಸನೆ. ದೇವರ ಮುಂದೆ ದೀಪ ಹಚ್ಚಿದವಳು ಎಣ್ಣೆ ತರಲೆಂದು ಅಡುಗೆಮನೆಗೆ ಹೋದೆ. ಅಲ್ಲಿ ಹಾಲು ಕಂಡಿತು, ಕಾಯಿಸಲು ಇಟ್ಟೆ. ಹಾಲು ಕಾಯುವಷ್ಟರಲ್ಲಿ ತಂಗಿಯ ಫೋನು ಬಂತು, ಮಾತಿಗೆ ನಿಂತೆ. ದೀಪ ಪಾಪ, ಇದ್ದಷ್ಟು ಎಣ್ಣೆ ಕುಡಿದು, ಆಮೇಲೆ ತನ್ನ ಬತ್ತಿಯನ್ನೇ ತಿಂದು ಮುಗಿಸಿತ್ತು. "ನೆನಪಿನ ಶಕ್ತಿ ಅಂದ್ರ ನಿಂದು ನೋಡು" ಎಂದು ನಮ್ಮ ಯಜಮಾನರು ಮೂಗು ಮುಚ್ಚಿಕೊಂಡೇ ಹೊಗಳಿದರು.

ಅವರು ಹೇಳುವುದರಲ್ಲಿ ಸುಳ್ಳೇನಿಲ್ಲ. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವವಳು ನಾನು. ನಾನು ಕಲಿಸುವ ಸಾಲೆಯಲ್ಲಿ ಯಾವ ತರಗತಿಗೆ ಹೋಗಬೇಕೆಂದು ಮಕ್ಕಳನ್ನೇ ಕೇಳಿದ್ದೂ ಉಂಟು. ಆದರೆ ನಲವತ್ತು ವರ್ಷದ ಹಿಂದೆ ಯಾರದೋ ಮುಂಜಿಯಲ್ಲಿ ಯಾವ ಕಾಕು ಯಾವ ಬಣ್ಣದ ಇಳಕಲ್ ಸೀರೆ ಉಟ್ಟಿದ್ದಳು, ಯಾರು ಊಟಕ್ಕೆ ಕೂಡದೆ ಸಿಟ್ಟು ಮಾಡಿಕೊಂಡು ಹೋದರು ಕೇಳಿ, ಅರಳು ಹುರಿದಂತೆ ಹೇಳುತ್ತೇನೆ. ಕೆಲಸಕ್ಕೆ ಬಾರದ್ದನ್ನೆಲ್ಲ ಜತನದಿಂದ ಎತ್ತಿಡುವ ತಲೆ ಇದು. ಇಂಥ ತಲೆಯೂ ಒಮ್ಮೆ ಕೆಲಸಕ್ಕೆ ಬಂತು. ಅದನ್ನೇ ಹೇಳಬೇಕೆಂದು ಕೂತಿದ್ದೇನೆ. ನಡುವೆ ಬೇರೆ ಕಡೆ ಹೊರಳಿದರೆ ನೀವೇ ಕೈ ಹಿಡಿದು ಎಳೆದು ತರಬೇಕು.

ನಾನು ಸಣ್ಣವಳಿದ್ದಾಗ ನಮ್ಮ ಮನೆಯಲ್ಲಿ ಎಂದೂ ಸುಡದ ಬತ್ತಿಯೊಂದಿತ್ತು.

ನಮ್ಮೂರು ಬೈಲಹೊಂಗಲದಲ್ಲಿ ಬತ್ತಿಗೆ ಬರವಿರಲಿಲ್ಲ ಎಂಬುದನ್ನು ಮೊದಲೇ ಹೇಳಬೇಕು. ಹತ್ತಿಯ ಗಾಡಿಗಳು ಮಾರ್ಕೆಟ್ ಯಾರ್ಡಿಗೆ ಹೋಗುವ ದಾರಿಯಲ್ಲೇ ನಮ್ಮ ಓಣಿ. ರಸ್ತೆಯ ಎರಡೂ ಬದಿಗೆ ಹತ್ತಿ ಉದುರಿ ಬಿದ್ದಿರುತ್ತಿತ್ತು. ನಾವು ಮಕ್ಕಳು ಆರಿಸಿ ತಂದು ಅಜ್ಜಿಯ ಮುಂದೆ ಸುರಿಯುತ್ತಿದ್ದೆವು. ಅಜ್ಜಿ ಕಸ ಬಿಡಿಸಿ, ಕಾಲು ಚಾಚಿ ಕೂತು, ಮೊಣಕಾಲಿನ ಕೆಳಗೆ ಬತ್ತಿ ಹೊಸೆಯುತ್ತಿದ್ದಳು. ಹೊಸೆದು ಹೊಸೆದು ಅವಳ ಕಾಲಿನ ಆ ಜಾಗ ಕನ್ನಡಿಯಷ್ಟು ನುಣುಪಾಗಿತ್ತು. ಅಪ್ಪ ಓಣಿಯ ಹನುಮಪ್ಪನ ಗುಡಿಯ ಪೂಜೆಯವರು. ಹೀಗಾಗಿ ಗುಡಿಗೂ ಮನೆಗೂ ಅಜ್ಜಿಯದೇ ಬತ್ತಿ.

ಎದುರು ಮನೆಯವರು ದಾವಲ ಮಾಮಾ. ಆಗ ಅವರಿಗೆ ಹೊಸದಾಗಿ ಲಗ್ನವಾಗಿತ್ತು. ಹತ್ತಿಯ ಸುಗ್ಗಿಯಲ್ಲಿ ಯಾರ್ಡಿನ ಹಮಾಲಿ. ಸಕ್ಕರೆ ಫ್ಯಾಕ್ಟರಿಯಲ್ಲಿ ಕಬ್ಬು ಅರೆಯುವುದು ನಿಂತು ರಿಪೇರಿ ನಡೆಯುವ ತಿಂಗಳುಗಳಲ್ಲಿ, ಒಬ್ಬ ಕಂತ್ರಾಟದಾರನ ಕೈಕೆಳಗೆ ಅಲ್ಲಿಯ ಕೆಲಸ. ಉಗಿ ಹರಿಯುವ ದಪ್ಪ ಕೊಳವೆಗಳ ಕಾವು ಹೊರಗೆ ಹೋಗದಂತೆ ಅವುಗಳಿಗೆ ಬಿಳಿ ಹಗ್ಗ ಸುತ್ತಿ, ಮೇಲೆ ಬಿಳಿ ಪುಡಿಯನ್ನು ನೀರಲ್ಲಿ ಕಲಸಿ ಮೆತ್ತಬೇಕು. ಅದಕ್ಕೂ ಮೊದಲು ಹಳೆಯದನ್ನು ಬಡಿದು ಉದುರಿಸಬೇಕು. ಸಂಜೆ ಅವರು ಮನೆಗೆ ಬರುವಾಗ ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಬೆಳ್ಳಗೆ. "ಹಿಟ್ಟಿನ ಗಿರಣಿ ಬಂತು!" ಎಂದು ನಾವು ಹಿಂದೆ ಓಡುತ್ತಿದ್ದೆವು. ಅವರು ಅಂಗಿ ಕೊಡವಿ ನಮ್ಮ ಮೇಲೂ ಒಂದಿಷ್ಟು ಹಾರಿಸಿ ನಗುತ್ತಿದ್ದರು. ಉಳಿದದ್ದನ್ನು ಮಾಮಿ ಬಾಗಿಲಲ್ಲಿ ನಿಂತು ಗೋಡೆಗೆ ಬಡಿದು ಝಾಡಿಸುತ್ತಿದ್ದರು.

ಅಂಥ ಒಂದು ಸಂಜೆ ಮಾಮಾ ಗೇಣುದ್ದದ ಹಗ್ಗ ತಂದು ಅಜ್ಜಿಯ ಮುಂದೆ ಹಿಡಿದರು.

"ಅಜ್ಜೀ, ಇದನ್ನ ದೀಪಕ್ಕ ಹಾಕಿ ನೋಡ್ರಿ. ಎಣ್ಣಿ ಸುಡತೈತಿ, ಬತ್ತಿ ಸುಡೂದಿಲ್ಲ."

ಅಜ್ಜಿ ದೂರದಿಂದಲೇ ನೋಡಿದಳು. "ಯಾವ ಪ್ರಾಣೀ ಕೂದಲೋ ಏನೋ. ದೇವರ ಮುಂದ ಅದೆಲ್ಲಾ ನಡಿಯೂದಿಲ್ಲಪಾ."

"ಕೂದಲ ಅಲ್ರಿ, ಕಲ್ಲು. ಕಲ್ಲಿನಾಗಿಂದ ತಗದ ನೂಲಂತ. ನಮ್ಮ ಮೇಸ್ತ್ರಿ ಹೇಳ್ಯಾನ."

ಕಲ್ಲು ಎಂದ ಕೂಡಲೇ ಅಜ್ಜಿಯ ಮುಖ ಸಡಿಲಾಯಿತು. ಸಾಲಿಗ್ರಾಮ ಕಲ್ಲು, ಹನುಮಪ್ಪ ಕಲ್ಲು. ಕಲ್ಲಿಗೆ ಮೈಲಿಗೆ ಎಲ್ಲಿಂದ ಬರಬೇಕು? ಸಮೈ ಎಂದು ಕರೆಯುವ ನಮ್ಮ ಎತ್ತರದ ಹಿತ್ತಾಳೆ ದೀಪದಲ್ಲಿ ಆ ಬತ್ತಿ ಕೂತಿತು. ನಿಜವಾಗಿಯೂ ಅದು ಸುಡಲಿಲ್ಲ. ಮಸಿ ಹಿಡಿದಾಗ ಅಜ್ಜಿ ಅದನ್ನು ಒಲೆಯ ಕೆಂಡದಲ್ಲಿ ಹಾಕುತ್ತಿದ್ದಳು, ಸ್ವಲ್ಪ ಹೊತ್ತಿಗೆ ಬೆಳ್ಳಗಾಗಿ ಹೊರಗೆ ಬರುತ್ತಿತ್ತು. ಓಣಿಯ ಹೆಂಗಸರೆಲ್ಲ ಬಂದು ನೋಡಿಕೊಂಡು ಹೋದರು.

ಇಲ್ಲಿ ಒಂದು ಮಾತು ಮುಚ್ಚಿಡಬಾರದು. ಆ ಕಾಲಕ್ಕೆ ನಮ್ಮ ಮನೆಯಲ್ಲಿ ಮುಸಲ್ಮಾನರಾದ ಮಾಮಾನ ಚಹಕ್ಕೆ ಬೇರೆ ಲೋಟವಿತ್ತು, ಹೊರಗಿನ ಕಟ್ಟೆಯ ಗೂಡಿನಲ್ಲಿ. ಅವರೇ ಕುಡಿದು, ಅವರೇ ತೊಳೆದು, ಅಲ್ಲೇ ಬೋರಲು ಹಾಕಿ ಹೋಗುತ್ತಿದ್ದರು. ಯಾರಿಗೂ ಅದು ವಿಶೇಷವೆನಿಸಿರಲಿಲ್ಲ. ಬತ್ತಿ ಬಂದ ಕೆಲವು ದಿನಕ್ಕೆ ಅಜ್ಜಿ ಊಟಕ್ಕೆ ಕೂತ ಅಪ್ಪನನ್ನು ಕೇಳಿದಳು, "ಅಲ್ಲೋ, ಅವನ ಬತ್ತಿ ದೇವರ ಮುಂದ ನಡೀತದ, ಅವನ ಲೋಟ ಒಳಗ ನಡಿಯೂದಿಲ್ಲೇನು?" ಅಷ್ಟೊಂದು ಶಾಸ್ತ್ರ ಓದಿದ ಅಪ್ಪ ಅನ್ನದಲ್ಲಿ ಸಾರಿನ ಕಟ್ಟೆ ಕಟ್ಟುತ್ತ ಕೂತರು. ಮರುದಿನದಿಂದ ಗೂಡು ಖಾಲಿ. ಲೋಟ ಒಳಗೆ ಬಂದು ಉಳಿದವುಗಳ ಜೊತೆ ಸೇರಿತು.

ಅಜ್ಜಿ ಹೋದಳು. ಅಪ್ಪ ಹೋದರು. ಸಮೈ ಅಟ್ಟ ಸೇರಿತು. ನನಗೆ ಲಗ್ನವಾದರೂ ಯಜಮಾನರ ಕಚೇರಿ ಇಲ್ಲೇ ಇದ್ದುದರಿಂದ ತವರಿನ ಮನೆಯಲ್ಲೇ ಉಳಿದೆ. ಮಾಮಾ ಫ್ಯಾಕ್ಟರಿಯ ಕೆಲಸ ಬಿಟ್ಟು ಒಂದು ಟಂಟಂ ಕೊಂಡು ಸುತ್ತಲ ಹಳ್ಳಿಗಳಿಗೆ ಜನರನ್ನು ಒಯ್ಯತೊಡಗಿದರು. ನನ್ನ ಸಾಲೆ ಆ ದಾರಿಯಲ್ಲೇ. ಐವತ್ತು ತುಂಬಿದ ನನ್ನನ್ನು ಇವತ್ತಿಗೂ ಅವರು ಕರೆಯುವುದು ಸಣ್ಣಬಾಯಿ ಎಂದೇ. "ಸಣ್ಣಬಾಯಿ ಬರೂತನಾ ಗಾಡಿ ಬಿಡೂದಿಲ್ಲ" ಎಂದು ತುಂಬಿದ ಟಂಟಂ ನಿಲ್ಲಿಸಿಕೊಂಡು, ಉಳಿದವರಿಂದ ನನಗೆ ಬೈಗಳು ತಿನ್ನಿಸಿದವರು.

ಒಮ್ಮೆ ನಮ್ಮ ನೆಂಟರನ್ನೆಲ್ಲ ತುಂಬಿಕೊಂಡು ನವಿಲುತೀರ್ಥಕ್ಕೆ ಹೋಗಿದ್ದೆವು. ಅಣೆಕಟ್ಟಿನ ಮೆಟ್ಟಿಲು ಹತ್ತುವಾಗ ಮಾಮಾ ಅರ್ಧಕ್ಕೆ ನಿಂತರು. "ಯಾಕ್ರಿ ಮಾಮಾ?" ಎಂದೆ. "ಏನಿಲ್ಲ, ನೀರ ನೋಡಾಕತ್ತೇನಿ" ಎಂದರು. ಮತ್ತೆ ನಾಲ್ಕು ಮೆಟ್ಟಿಲಾದ ಮೇಲೆ ಮತ್ತೆ ನೀರು ನೋಡಿದರು. ನೀರಿನ ಮೇಲೆ ಇಷ್ಟು ಪ್ರೀತಿ ಯಾವಾಗಿನಿಂದ ಎಂದು ನಾನು ನಕ್ಕೆ. ಅದು ದಮ್ಮು ಹತ್ತಿದ್ದನ್ನು ಮುಚ್ಚಿಡುವ ಅವರ ಉಪಾಯ. ಆಮೇಲಾಮೇಲೆ ಅವರು ಓಣಿಯಲ್ಲಿ ನಿಂತು ಗೋಡೆ ನೋಡತೊಡಗಿದರು, ವಿದ್ಯುತ್ ಕಂಬ ನೋಡತೊಡಗಿದರು.

ಒಣ ಕೆಮ್ಮು ಬಿಡಲಿಲ್ಲ. ಯಾರೋ ಡಾಕ್ಟರು ಟೀಬಿ ಇರಬೇಕೆಂದು ಅದರ ಗುಳಿಗೆ ಕೊಟ್ಟರು. ಕಫದಲ್ಲಿ ಏನೂ ಸಿಗಲಿಲ್ಲ, ಗುಳಿಗೆಯಿಂದ ಏನೂ ಆಗಲಿಲ್ಲ, ಆದರೆ ಟೀಬಿ ಎಂಬ ಮಾತು ಮಾತ್ರ ಮಾಮಾನ ತಲೆಯಲ್ಲಿ ಬೇರು ಬಿಟ್ಟಿತು. ಮಾಮಿ ಅವರು ಸೇದುವ ಬೀಡಿಯನ್ನು ಶಪಿಸಿದರು. ಮಾಮಾ ತಮ್ಮನ್ನೇ ಶಪಿಸಿಕೊಂಡರು. ಟಂಟಂ ಮಾರಿದರು. ಒಂದು ದಿನ ನಮ್ಮ ಕಟ್ಟೆಗೆ ಬಂದವರು ಜೋಳಿಗೆಯಿಂದ ಒಂದು ಸ್ಟೀಲಿನ ಲೋಟ ತೆಗೆದು ಅದೇ ಹಳೆಯ ಗೂಡಿನಲ್ಲಿ ಇಟ್ಟರು.

"ಇದೇನ್ರಿ ಮಾಮಾ?"

"ಇರಲಿ ಸಣ್ಣಬಾಯಿ. ಹತ್ತೂ ಬ್ಯಾನಿ. ಮನ್ಯಾಗೂ ಬ್ಯಾರೇನ ಇಟ್ಟೇನಿ."

ತಮ್ಮ ಟೀಬಿ ನಮಗೆ ಅಂಟೀತೆಂಬ ಹೆದರಿಕೆ ಅವರಿಗೆ. ಅಜ್ಜಿ ಅವರ ಲೋಟವನ್ನು ಒಳಗೆ ತಂದಿದ್ದಳು, ಈಗ ಮಾಮಾ ತಾವೇ ಇನ್ನೊಂದನ್ನು ಹೊರಗಿಟ್ಟಿದ್ದರು. ಎಷ್ಟು ಹೇಳಿದರೂ ಕೇಳಲಿಲ್ಲ.

ಆ ಹೊತ್ತಿಗೆ ಅವರ ಕೊನೆಯ ಮಗಳು ಶಮಾ ಬಾಣಂತನಕ್ಕೆ ಬಂದಳು. ಹೆಣ್ಣು ಕೂಸು, ಹಾಲುಬಣ್ಣದ್ದು. ಮಾಮಾ ಹೊಸ್ತಿಲ ಆಚೆ ನಿಂತು ಬಾಯಿಗೆ ಟವೆಲು ಹಿಡಿದು ಕೂಸನ್ನು ನೋಡುತ್ತಿದ್ದರು. ದೂರದಿಂದಲೇ ಚಿಟಿಕೆ ಹೊಡೆಯುತ್ತಿದ್ದರು. "ಅಬ್ಬಾ, ಒಮ್ಮೆರ ಎತ್ಕೋರಿ" ಎಂದು ಶಮಾ ಅತ್ತಳು. ಅವರು ತಲೆ ಅಲ್ಲಾಡಿಸಿ ಹೊರಗೆ ಬಂದು ಕಂಬ ನೋಡುತ್ತ ನಿಂತರು. ಕೂಸಿಗೆ ನಾಲ್ಕು ತಿಂಗಳಾದರೂ ಅಜ್ಜನ ಕೈ ಮುಟ್ಟಿರಲಿಲ್ಲ.

ಬಾಣಂತಿಯನ್ನು ಬಿಟ್ಟು ಮಾಮಿ ಬರುವಂತಿರಲಿಲ್ಲ. ನಾನು ಸಾಲೆಗೆ ರಜೆ ಹಾಕಿ ಮಾಮಾನನ್ನು ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆ. ಎದೆ ರೋಗದ ವಿಭಾಗ ಮೇಲಿನ ಮಹಡಿಯಲ್ಲಿ. ದಾರಿಯುದ್ದಕ್ಕೂ ಗೋಡೆಗೆ ಹಚ್ಚಿದ ಆರೋಗ್ಯದ ಚಿತ್ರಗಳನ್ನೆಲ್ಲ ಮಾಮಾ ನಿಂತು ನಿಂತು ಓದಿದರು, ಗರ್ಭಿಣಿಯರ ಆಹಾರದ್ದನ್ನೂ ಬಿಡದೆ. ನಾನೂ ಜೊತೆಗೆ ನಿಂತು ಓದಿದೆ. ಈ ಸಲ ನಗಲಿಲ್ಲ.

ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಬೆನ್ನಿಗೆ ನಳಿಕೆ ಇಟ್ಟು ಬಹಳ ಹೊತ್ತು ಕೇಳಿದರು, ಬೆರಳ ತುದಿ ನೋಡಿದರು, ಸ್ಕ್ಯಾನಿನ ಚಿತ್ರವನ್ನು ಹಿಂದೆ ಮುಂದೆ ಮಾಡಿ ನೋಡಿದರು.

"ಅಜ್ಜಾ, ಏನ ಕೆಲಸಾ ಮಾಡ್ತಿದ್ರಿ?"

"ಟಂಟಂ ಹೊಡೀತಿದ್ನಿರಿ."

"ಅದಕ್ಕೂ ಮೊದಲ?"

"ಹಮಾಲಿ ಮಾಡೇನ್ರಿ, ಹತ್ತಿ ಅಂಡಗಿ ಹೊತ್ತೇನಿ."

"ಮತ್ತ?"

"ಮತ್ತೇನಿಲ್ರಿ."

ಡಾಕ್ಟರು ನನ್ನ ಕಡೆ ತಿರುಗಿದರು. "ಇದು ಟೀಬಿ ಅಲ್ರಿ. ಬರೇ ಬೀಡಿದೂ ಅಲ್ಲ. ಬಾಯ್ಲರಿಗೆ ಸುತ್ತತಾರಲ್ಲ, ಬೆಂಕಿಗೆ ಸುಡಲಾರದ ಹಗ್ಗ, ಅಂಥಾ ಧೂಳಿನ್ಯಾಗ ಕೆಲಸ ಮಾಡಿದವರ ಎದಿ ಹಿಂಗ ಕಾಣತದ. ಆದ್ರ ಇವರು..."

"ಬತ್ತಿ!" ಎಂದೆ ನಾನು, ಕುರ್ಚಿಯಿಂದ ಎದ್ದು ನಿಂತು.

ಆ ಡಾಕ್ಟರು ಪಾಪ, ರೋಗಿ ಯಾರೆಂದು ಒಂದು ಕ್ಷಣ ಗೊಂದಲಗೊಂಡಿರಬೇಕು. ನಾನು ಅಜ್ಜಿ, ಸಮೈ, ಸಾಲಿಗ್ರಾಮ, ಹಿಟ್ಟಿನ ಗಿರಣಿ ಎಲ್ಲವನ್ನೂ ಕಲಸಿ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಕೇಳಿದರು. ಮಾಮಾ ನನ್ನನ್ನೇ ಗದರಿಸಿದರು. "ಅದೇನ ನೌಕರಿಯೇನ ಸಣ್ಣಬಾಯಿ? ಫ್ಯಾಕ್ಟರಿ ಬಂದ್ ಇದ್ದಾಗ ಹೊಟ್ಟಿಪಾಡಿಗೆ ಮಾಡಿದ್ದು. ಅದನ್ನ ಕೆಲಸಾ ಅಂತ ಹೇಳತಾರ?"

ಎಷ್ಟು ವರ್ಷ ಮಾಡಿದ್ದಿರಿ ಎಂದು ಡಾಕ್ಟರು ಕೇಳಿದರೆ, ಹಿರಿಯ ಮಗ ಹುಟ್ಟುವುದಕ್ಕೆ ಮುಂಚಿನಿಂದ ಅವನು ಸಾಲೆ ಮುಗಿಸುವವರೆಗೆ ಎಂದರು. ಬಾಯಿಗೆ ಬಟ್ಟೆ? ಅದೆಲ್ಲ ಯಾರಿಗೆ ಗೊತ್ತಿತ್ತು. ಒಬ್ಬರ ಮುಖ ಒಬ್ಬರಿಗೆ ಕಾಣದಷ್ಟು ಧೂಳು, ಬಿಳಿ ಹುಬ್ಬು ನೋಡಿ ನಗುತ್ತಿದ್ದೆವು ಎಂದರು.

ಅದರ ಹೆಸರು ಆಸ್ಬೆಸ್ಟಾಸ್, ಕಲ್ಲಿನ ನೂಲೇ ಹೌದು ಎಂದು ಡಾಕ್ಟರು ತಿಳಿಸಿ ಹೇಳಿದರು. ಒಡೆದರೆ ಕಣ್ಣಿಗೆ ಕಾಣದಷ್ಟು ಸಣ್ಣ ಸೂಜಿಗಳಾಗಿ ಉಸಿರಿನ ಜೊತೆ ಒಳಗೆ ಹೋಗಿ ಕೂರುತ್ತದೆ. ಅದು ಕೂತಲ್ಲಿ ಪುಪ್ಪುಸ ಮೆಲ್ಲಗೆ ಗಟ್ಟಿಯಾಗುತ್ತ ಹೋಗುತ್ತದೆ, ಹತ್ತಾರು ವರ್ಷಗಳ ಮೇಲೆ ದಮ್ಮು ಕಾಣಿಸುತ್ತದೆ.

"ಬೆಂಕೀನ ಸುಡಲಾರದ್ದು ನನ್ನ ಎದಿಯಾಗ ಹೆಂಗ ಕರಗತೈತಿ ಬಿಡ್ರಿ" ಎಂದರು ಮಾಮಾ.

ಇದು ಹೋಗುವುದಿಲ್ಲ, ಆದರೆ ಹೆಚ್ಚಾಗದಂತೆ ಮಾಡುವುದು ಬಹಳ ಇದೆ ಎಂದರು ಡಾಕ್ಟರು. ಬೀಡಿ ಪೂರ್ತಿ ಬಂದ್. ಫ್ಲೂ ಜ್ವರ, ನ್ಯುಮೋನಿಯಾ ಬರದಂತೆ ಚುಚ್ಚುಮದ್ದು. ಉಸಿರಾಟದ ವ್ಯಾಯಾಮ. ಮುಂದೆ ಬೇಕಾದರೆ ಮನೆಯಲ್ಲೇ ಆಮ್ಲಜನಕದ ಯಂತ್ರ. ಅಂಗಿ ಝಾಡಿಸಿದ ಮಾಮಿಗೂ ತಪಾಸಣೆ ಆಗಬೇಕು. ಇದು ಕೆಲಸದಿಂದ ಬಂದ ರೋಗವೆಂದು ಬರೆದು ಕೊಡುತ್ತೇನೆ, ಕಾರ್ಮಿಕ ಇಲಾಖೆಯಲ್ಲಿ ಕೇಳಬಹುದು, ಕೆಲಸ ಮಾಡಿದ್ದನ್ನು ಕಂಡವರು ಯಾರಾದರೂ ಇದ್ದಾರೆಯೇ ಎಂದರು. "ನಾನ ಕಂಡೇನಲ್ರೀ" ಎಂದೆ. ಜನ್ಮದಲ್ಲಿ ಮೊದಲ ಸಲ ನನ್ನ ನೆನಪನ್ನು ಯಾರೋ ಬೇಕೆಂದು ಕೇಳಿದ್ದರು.

ಮಾಮಾನ ಲಕ್ಷ್ಯ ಇದಾವುದರ ಕಡೆಗೂ ಇರಲಿಲ್ಲ. ಟೊಪ್ಪಿಗೆ ತೆಗೆದು ಕೈಯಲ್ಲಿ ತಿರುಗಿಸುತ್ತ ಕೂತಿದ್ದರು. ಕೊನೆಗೆ ಕೇಳಿದರು, "ಡಾಕ್ಟರ ಬಾಯಾರ, ಇದು ಹತ್ತೂ ಬ್ಯಾನಿ ಏನ್ರಿ?"

"ಅಲ್ರಿ ಅಜ್ಜಾ. ಯಾರಿಗೂ ಹತ್ತೂದಿಲ್ಲ."

"ಸಣ್ಣ ಕೂಸಿಗೆ?"

"ಕೂಸಿಗೂ ಹತ್ತೂದಿಲ್ಲ."

ವಾಸಿಯಾಗದ ರೋಗವೆಂದು ತಿಳಿದ ಮನುಷ್ಯ ಹಾಗೆ ನಕ್ಕದ್ದನ್ನು ನಾನು ಎಂದೂ ಕಂಡಿರಲಿಲ್ಲ. ನಗುತ್ತಲೇ ಟೊಪ್ಪಿಗೆಯಿಂದ ಕಣ್ಣೊರೆಸಿಕೊಂಡರು. ನಾನಂತೂ ಸರಿಯಾಗಿಯೇ ಅತ್ತೆ.

ಬಸ್ಸಿಳಿದು ಮನೆಗೆ ಹೋಗುವಾಗ ಮಾಮಾ ದಾರಿಯಲ್ಲಿ ಯಾವ ಕಂಬವನ್ನೂ ನೋಡುವ ನೆವ ಹೇಳಲಿಲ್ಲ. "ದಮ್ ಹತ್ತೈತಿ, ನಿಲ್ಲು" ಎಂದು ಹೇಳಿಯೇ ನಿಂತರು. ಕೈಕಾಲು ಮುಖ ತೊಳೆದು, ಒಗೆದ ಅಂಗಿ ಹಾಕಿಕೊಂಡು, ಚಾಪೆಯ ಮೇಲೆ ಕೂತು ಎರಡೂ ಕೈ ಚಾಚಿದರು. ಶಮಾ ಕೂಸನ್ನು ತಂದು ಇಟ್ಟಳು. ಅದು ಕೂಡಲೇ ಅಜ್ಜನ ಗಡ್ಡ ಹಿಡಿದು ಜಗ್ಗಿತು. ಮಾಮಿ ಬೀಡಿಯನ್ನು ಬೈಯಲು ಬಾಯಿ ತೆರೆದವರು ಅಜ್ಜ ಮೊಮ್ಮಗಳಿಬ್ಬರಿಗೂ ಲಟಿಕೆ ಮುರಿದು ದೃಷ್ಟಿ ತೆಗೆದರು.

ಮಾಮಿಯ ತಪಾಸಣೆಯಲ್ಲಿ ಸದ್ಯಕ್ಕೆ ಏನೂ ಸಿಕ್ಕಿಲ್ಲ. ಅಟ್ಟದ ಸಮೈಯಲ್ಲಿದ್ದ ಬತ್ತಿಯನ್ನು ಡಾಕ್ಟರು ಹೇಳಿದಂತೆ ನೀರು ಹಾಕಿ ನೆನೆಸಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಆಸ್ಪತ್ರೆಗೆ ಒಪ್ಪಿಸಿ ಬಂದೆ. ಅದನ್ನು ದ್ವೇಷಿಸಲು ಬಹಳ ಪ್ರಯತ್ನಿಸಿದೆ. ಮಾಮಾನ ಉಸಿರು ತಿಂದದ್ದು ಅದೇ, ಮಾಮಾನನ್ನು ನಮ್ಮ ಮನೆಯ ಒಳಗೆ ಕರೆತಂದದ್ದೂ ಅದೇ. ಏನೆನ್ನಬೇಕೋ ತಿಳಿಯದೆ ಒಮ್ಮೆ ಕೈ ಮುಗಿದೆ.

ಈಗ ಓಣಿಯಲ್ಲಿ ಯಾರಾದರೂ ಚಾವಣಿಯ ಹಳೆಯ ಸಿಮೆಂಟ್ ಪತ್ರಾಸ್ ಕೊಯ್ಯಲು, ತೂತು ಹೊಡೆಯಲು ಹೊರಟರೆ ಮಾಮಾ ದೂರ ನಿಂತು ಕೂಗುತ್ತಾರೆ, "ತಡೀರಿ! ಅದರಾಗೂ ಅದ ನೂಲ ಇರತೈತಿ. ಮುರೀಬ್ಯಾಡ್ರಿ, ನೀರ ಹೊಡೀರಿ ಮೊದಲ, ಬಾಯಿ ಕಟ್ಕೋರಿ!" ಸಂಜೆ ಮೆಲ್ಲಗೆ ನಡೆದು ನಮ್ಮ ಕಟ್ಟೆಗೆ ಬರುತ್ತಾರೆ. ಆಸ್ಪತ್ರೆಯಲ್ಲಿ ಕಲಿಸಿದ ವ್ಯಾಯಾಮವೆಂದರೆ, ದೀಪದ ಮುಂದೆ ತುಟಿ ಸಣ್ಣಗೆ ಮಾಡಿ ಊದುವುದು. ಕುಡಿ ಅಲುಗಬೇಕು, ಆರಬಾರದು. ಅದಕ್ಕೆಂದು ನಾನು ಕಟ್ಟೆಯ ಮೇಲೊಂದು ಪಣತಿ ಇಡುತ್ತೇನೆ. ಹತ್ತಿಯ ಬತ್ತಿ, ನಾನೇ ಹೊಸೆದದ್ದು.

ನಿನ್ನೆ ಸಂಜೆಯೂ ಬಂದು ಕೂತರು, ತೊಡೆಯ ಮೇಲೆ ಮೊಮ್ಮಗಳು. "ಬತ್ತಿ ಸುಟ್ಟ ವಾಸನಿ ಬರಾಕತ್ತೈತಿ ಸಣ್ಣಬಾಯಿ" ಎಂದರು. "ಹೌದ್ರಿ ಮಾಮಾ, ಎಣ್ಣಿ ಮರತೆ" ಎಂದೆ.

"ಸುಡಲಿ ಬಿಡು, ಸುಡೂ ಬತ್ತೀನ ಛಲೋ. ಈ ಕೂಸಿಗೆ ಬಡದ ಆಡಾಕ ಏನರ ಬೇಕಾಗೈತಿ. ಅವತ್ತ ಗೂಡಿನ್ಯಾಗ ಇಟ್ಟಿದ್ನಲ್ಲಾ, ಆ ನನ್ನ ಲೋಟಾ ಕೊಡು."

ಒಳಗೆ ಹೋದೆ. ಆಸ್ಪತ್ರೆಯಿಂದ ಬಂದ ದಿನವೇ ಅದನ್ನು ಗೂಡಿನಿಂದ ತೆಗೆದು ನಮ್ಮ ಲೋಟಗಳ ಜೊತೆ ಇಟ್ಟಿದ್ದೆ. ಹಲಗೆಯ ಮೇಲೆ ಲೋಟಗಳೆಲ್ಲ ಸಾಲಾಗಿ ಬೋರಲು ಬಿದ್ದಿದ್ದವು. ಒಂದೊಂದನ್ನೇ ಎತ್ತಿ, ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದೆ. ಅವರದು ಯಾವುದೆಂದು ಎಷ್ಟು ಮಾಡಿದರೂ ನನಗೆ ನೆನಪಾಗಲಿಲ್ಲ.