ಟವೆಲಿನೊಳಗಿನ ಅಭಿಪ್ರಾಯ

ನಮ್ಮ ಕಡೆ ಯಾರೂ ಒಂದು ಪುಸ್ತಕವನ್ನು ಕೆಟ್ಟದ್ದು ಎನ್ನುವುದಿಲ್ಲ. ‘ಅಡ್ಡಿ ಇಲ್ರಿ’ ಎನ್ನುತ್ತಾರೆ. ಮದುವೆಯ ಊಟ, ಹೊಸ ಅಳಿಯ, ಸಕ್ಕರೆ ಕಾರ್ಖಾನೆಗೆ ಹೋಗುವ ರಸ್ತೆ, ಎಲ್ಲಕ್ಕೂ ಅದೇ ಮಾತು. ಬಹಳ ಮೆಚ್ಚಿದರೂ ಅಡ್ಡಿ ಇಲ್ಲ, ಎರಡು ಪುಟ ದಾಟಲಾಗದಿದ್ದರೂ ಅಡ್ಡಿ ಇಲ್ಲ. ನಾನು ಪತ್ರಿಕೆಯೊಂದರ ಡೆಸ್ಕಿನಲ್ಲಿ ಕುಳಿತು ಬಹಳ ವರ್ಷ ಬೇರೆಯವರ ವಾಕ್ಯಗಳನ್ನು ತಿದ್ದಿದವನು. ಈ ಎರಡು ಪದಗಳಿಗೆ ನಿಖರ ಅರ್ಥ ಬರೆಯಿರಿ ಎಂದರೆ ಇವತ್ತಿಗೂ ಕೈ ಕಟ್ಟುತ್ತದೆ.

ಹಾರೂಗೇರಿಯ ಗೊಬ್ಬರದ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ನಾವು ನಾಲ್ವರು ತಿಂಗಳಿಗೊಂದು ಭಾನುವಾರ ಸೇರುತ್ತೇವೆ. ಇತ್ತೀಚೆಗೆ ಓದಿದ್ದನ್ನು ಹೇಳುವುದು, ಕೇಳುವುದು, ಚಹಾ ಕುಡಿಯುವುದು, ಇಷ್ಟೇ ಕಾರ್ಯಕ್ರಮ. ಇದನ್ನು ಶುರು ಮಾಡಿದವರು ನಿವೃತ್ತ ಕನ್ನಡ ಮಾಸ್ತರರು. ಎರಡನೆಯವರು ರಾಯಬಾಗ ಕಡೆಯ ಕುರಿಗಾಹಿ. ವಯಸ್ಸಾದವರು, ಎಲ್ಲರಿಗೂ ಕಾಕಾ. ಮೂರನೆಯವರು ಐಗಳಿಯಿಂದ ಬಸ್ಸು ಬದಲಿಸಿ ಬರುವ ದ್ರಾಕ್ಷಿ ತೋಟದ ಹೆಣ್ಣುಮಗಳು. ಮಾಸ್ತರರು ಅವರನ್ನು ವೈನಿ, ಅಂದರೆ ಅತ್ತಿಗೆ, ಎಂದರು, ಹೀಗಾಗಿ ನನಗೂ ವೈನಿ. ನಾಲ್ಕನೆಯವನು ಚಿಕ್ಕೋಡಿಯಿಂದ ಹೋಗುವ ನಾನು. ಹಳೆಯ ಉದ್ಯೋಗದ ಕಾರಣಕ್ಕೆ ನಡಾವಳಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.

ಪದ್ಧತಿ ಸರಳ. ಪುಸ್ತಕದ ಬಗ್ಗೆ ಹೇಳಿ ಮುಗಿಸಿದವರು ಅದನ್ನು ಮೇಜಿನ ಮೇಲೆ ಇಡಬೇಕು. ಬೇಕಾದವರು ಒಯ್ಯುತ್ತಾರೆ. ಯಾರೂ ಎತ್ತಿಕೊಳ್ಳದಿದ್ದರೆ ತಂದವರೇ ಮರಳಿ ಒಯ್ಯಬೇಕು.

“ಸಂತ್ಯಾಗ ಹೋಗಲಾರದ ಟಗರ ಹೊಳ್ಳಿ ಮನಿಗಿ ಹೊಡ್ಕೊಂಡ ಬಂದಂಗ” ಎಂದು ಕಾಕಾ ಒಮ್ಮೆ ಇದನ್ನು ವರ್ಣಿಸಿದ್ದರು. “ದಾರ್‍ಯಾಗ ಎಲ್ಲಾರೂ ಕೇಳ್ತಾರ, ಯಾಕ, ಹೋಗಲಿಲ್ಲೇನು ಅಂತ.”

ಕಾಕಾ ಪುಸ್ತಕ ಅಳೆಯುವ ರೀತಿಯೇ ಬೇರೆ. ಕುರಿ ಮೇಯಲು ಬಿಟ್ಟು ಬೇವಿನ ಗಿಡದ ಕೆಳಗೆ ಓದುವವರು ಅವರು. ಓದುತ್ತಿದ್ದಾಗ ಕುರಿಗಳು ಎಷ್ಟು ದೂರ ಹೋದವು ಎಂಬುದೇ ಲೆಕ್ಕ. ಒಂದು ಕಾದಂಬರಿಯ ಬಗ್ಗೆ ಅವರು ಕೊಟ್ಟ ವಿಮರ್ಶೆಯನ್ನು ನಾನು ನಡಾವಳಿಯಲ್ಲಿ ಇದ್ದ ಹಾಗೆಯೇ ಬರೆದುಕೊಂಡಿದ್ದೇನೆ: “ನಲವತ್ತನೇ ಪುಟಕ್ಕ ಬಂದಾಗ ಕುರಿ ಗೌಡ್ರ ಗೋವಿನಜೋಳದಾಗ ಇದ್ದೂ. ಬೈಸ್ಕೊಂಡೆ. ಬೈಸ್ಕೊಂಡ ಬಂದು ನಲವತ್ತೊಂದನೇ ಪುಟ ಓದಿದೆ.”

ನಾನು ಹೇಳಬೇಕೆಂದಿರುವುದು ದ್ರಾಕ್ಷಿಗೆ ಚಾಟ್ನಿ ಶುರುವಾಗುವ ಮುಂಚಿನ ಭಾನುವಾರದ ಸಂಗತಿ. ಚಾಟ್ನಿ ಎಂದರೆ ಬಳ್ಳಿಯನ್ನು ಕತ್ತರಿಸಿ ಹೊಸ ಚಿಗುರಿಗೆ ಬಿಡುವ ಕೆಲಸ. ಆಮೇಲೆ ಔಷಧ ಹೊಡೆಯುವುದು, ಚಿಗುರು ಆಯುವುದು, ಮೋಡ ಕಂಡರೆ ಎದೆ ಹಿಡಿದುಕೊಳ್ಳುವುದು. ಎರಡು ತಿಂಗಳು ವೈನಿ ಹಾರೂಗೇರಿಗೆ ಬರುವಂತಿರಲಿಲ್ಲ.

ಬಂದವರೇ ಅವರು ಚೀಲದಿಂದ ಮೂರು ಪುಸ್ತಕ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಹಿಂದಿನ ಮೂರು ತಿಂಗಳು ನಮ್ಮ ಮಾತು ನಂಬಿ ಒಯ್ದವು ಅವು.

“ಪೇಪರಣ್ಣಾ, ಈ ಮೂರನೇದು ನೀವು ಕೊಟ್ಟಿದ್ದು. ಇವೆರಡೂ ಸರ್ ಕೊಟ್ಟಿದ್ದು. ಮೂರೂ ಅಡ್ಡಿ ಇಲ್ಲ ಅಂದ್ರಿ.”

“ಹೌದ್ರಿ” ಎಂದೆ.

“ಎಲ್ಲಿ ಅಡ್ಡಿ ಇಲ್ಲರಿ? ಮೊದಲನೇದು ಓದಾಕ ಕುಂತ್ರ ನಿದ್ದಿ ಬರ್ತಿತ್ತು. ಎರಡನೇದು ಓದಿ ನಿದ್ದಿ ಕೆಡ್ತು, ಒಬ್ಬರೂ ಬದುಕಲಿಲ್ಲ ಅದರಾಗ. ಮೂರನೇದರಾಗ ಒಬ್ಬಾಂವ ಕಿಟಕಿ ಮುಂದ ನಿಂತಾನ. ನೂರಾಹತ್ತ ಪುಟ ಆತು, ಇನ್ನೂ ನಿಂತಾನ. ಕೂಡಂದ್ರರ ಕೂಡವಲ್ಲ.”

ಕಾಕಾ ನಕ್ಕರು. ಕಿಟಕಿಯವನು ನನ್ನ ಶಿಫಾರಸು. ಅವನ ಬಗ್ಗೆ ನಾನು ಪತ್ರಿಕೆಯ ಭಾನುವಾರದ ಪುಟದಲ್ಲಿ ನಾಲ್ಕು ಕಾಲಂ ಬರೆದಿದ್ದೆ.

“ನಗಬ್ಯಾಡ್ರಿ ಕಾಕಾ. ನಿಮಗ ಗಿಡದ ನೆರಳ ಐತಿ, ಸರ್‌ಗೆ ಪಿಂಚಣಿ ಐತಿ, ಓದ್ತೀರಿ. ನನಗ ಮಧ್ಯಾಹ್ನ ಆಳುಗಳು ಬುತ್ತಿ ಬಿಚ್ಚಿದಾಗ ಅರ್ಧಾ ತಾಸ ಸಿಗೂದು. ಈಗ ಒಯ್ಯೂ ಪುಸ್ತಕ ಎರಡ ತಿಂಗಳ ನನ್ನ ಸಂಗಟ ಇರಬೇಕು. ಇದೂ ಕೆಟ್ಟರ ನಾ ಇಷ್ಟ ದೂರ ಬರೂದ ಬಿಡ್ತೇನಿ. ಮೋಬೈಲ್ ನೋಡ್ಕೊಂತ ಕೂಡ್ತೇನಿ, ಮುಗೀತು.”

ಮಾಸ್ತರರು ಕನ್ನಡಕ ತೆಗೆದು ಒರೆಸಿದರು. ವೈನಿ ಬಿಟ್ಟರೆ ಉಳಿಯುವವರು ಮೂವರು. ಮೂವರಲ್ಲಿ ಒಬ್ಬರಿಗೆ ಕುರಿ ಕಾಯುವುದಿರುತ್ತದೆ. ಇಬ್ಬರು ಕುಳಿತರೆ ಅದನ್ನು ಕೂಟ ಎಂದು ನಡಾವಳಿಯಲ್ಲಿ ಬರೆಯುವುದು ಕಷ್ಟ.

“ಖರೇ ಹೇಳಬೇಕಂದ್ರ ಒಬ್ಬರ ಮುಂದ ಒಬ್ಬರು ಹೇಳಾಕ ಆಗೂದಿಲ್ಲ ತಂಗಿ” ಎಂದರು ಕಾಕಾ. “ಮಾರಿ ನೋಡಿದ ಮ್ಯಾಲ ದಾಕ್ಷಿಣ್ಯ ಬರ್ತದ. ಅದಕ್ಕ ದನದ ಸಂತ್ಯಾಗ ಟವೆಲ್ ಇಟ್ಟಾರ.”

ಅವರು ಹೆಗಲ ಮೇಲಿನ ಟವೆಲನ್ನು ಕೊಡವಿ ಬಲಗೈ ಮೇಲೆ ಹೊದಿಸಿಕೊಂಡರು. ಸಂತೆಯಲ್ಲಿ ದಲ್ಲಾಳಿಗಳು ಹೀಗೇ ಟವೆಲಿನೊಳಗೆ ಬೆರಳು ಹಿಡಿದು ದರ ಮಾತಾಡುತ್ತಾರೆ. ಸುತ್ತ ನಿಂತವರಿಗೆ ತಿಳಿಯುವುದಿಲ್ಲ, ಬಾಯಿಯಿಂದ ಒಂದು ಶಬ್ದವೂ ಬರುವುದಿಲ್ಲ. ಇಲ್ಲಿನ ವ್ಯವಸ್ಥೆಯನ್ನು ಕಾಕಾ ನಿಂತ ಕಾಲ ಮೇಲೆ ಮಾಡಿದರು. ಪುಸ್ತಕ ಓದಿದವರು ಕೈ ಒಳಗೆ ಹಾಕಿ ಅವರ ಬೆರಳು ಹಿಡಿಯಬೇಕು. ಐದೂ ಬೆರಳು ಹಿಡಿದರೆ ಕುರಿ ಜೋಳಕ್ಕೆ ಹೋದರೂ ಚಿಂತೆಯಿಲ್ಲ ಎಂದು ಅರ್ಥ. ಒಂದು ಹಿಡಿದರೆ ಬೇಡ. ಕಾಕಾ ವೈನಿಗೆ ಒಯ್ಯಿ ಅಥವಾ ಬ್ಯಾಡ ಎನ್ನುತ್ತಾರೆ, ಮತ್ತೇನೂ ಹೇಳುವುದಿಲ್ಲ.

“ಇದನ್ನ ಬರ್ಕೋಬ್ಯಾಡ್ರಿ” ಎಂದು ನನಗೆ ಎಚ್ಚರಿಕೆ ಬೇರೆ ಕೊಟ್ಟರು. “ಟವೆಲದಾಗಿನ ಮಾತು ಟವೆಲದಾಗ.”

ಸುದ್ದಿಯ ಮೂಲಗಳನ್ನು ಕಾಪಾಡುವುದು ನನಗೆ ಹೊಸತಲ್ಲ. ಪೆನ್ನಿನ ಮುಚ್ಚಳ ಹಾಕಿದೆ.

ಮೊದಲು ನಾನು ತಂದಿದ್ದ ಪುಸ್ತಕದ ಸರದಿ. ಒಂದು ಪ್ರವಾಸ ಕಥನ. ಅದಕ್ಕೂ ಪತ್ರಿಕೆಯಲ್ಲಿ ‘ಓದಲೇಬೇಕಾದ ಕೃತಿ’ ಎಂದು ಬರೆದಾಗಿತ್ತು. ಕೈ ಟವೆಲಿನೊಳಗೆ ಹೋಯಿತು. ಕಾಕಾರ ಬೆರಳುಗಳು ಕುರಿಯ ಉಣ್ಣೆ ಕತ್ತರಿಸಿ ಗಟ್ಟಿಯಾದವು. ಅವುಗಳಿಗೆ ಸುಳ್ಳು ಹೇಳುವುದು ಅಷ್ಟು ಸುಲಭವಿರಲಿಲ್ಲ. ಎರಡು ಹಿಡಿದೆ. ಪತ್ರಿಕೆಗೆ ಬರೆಯುವಾಗ ಇಲ್ಲದ ಹಗುರ ಆಗ ಸಿಕ್ಕಿತು.

“ಬ್ಯಾಡವಾ” ಎಂದರು ಕಾಕಾ.

ನಂತರ ಮಾಸ್ತರರು ತಂದಿದ್ದ ಪುಸ್ತಕ. ದಪ್ಪ ಕಾದಂಬರಿ, ಒಂದು ಮನೆತನದ ಮೂರು ತಲೆಮಾರು. ಅದರ ಬಗ್ಗೆ ಅವರು ಹತ್ತು ನಿಮಿಷ ನಿಂತು ಮಾತಾಡಿದ್ದರು. ಮೌಲ್ಯ ಎಂಬ ಪದ ಏಳು ಸಲ ಬಂತು, ಎಣಿಸುವುದು ನನ್ನ ಚಟ. ನಾನೂ ಅದನ್ನು ಓದಿದ್ದರಿಂದ ಮೊದಲು ಬೆರಳು ಹಿಡಿದು ಹೊರಗೆ ಬಂದೆ. ಆಮೇಲೆ ಮಾಸ್ತರರು ಅಂಗಿಯ ತೋಳು ಸರಿಸಿ ಕೈ ಹಾಕಿದರು. ಮುಖದಲ್ಲಿ ತರಗತಿಗೆ ಬಂದ ಇನ್ಸ್‌ಪೆಕ್ಟರರ ಮುಂದೆ ನಿಂತ ಗಾಂಭೀರ್ಯ.

ಕಾಕಾ ಟವೆಲು ಎತ್ತಿ ಒಳಗೆ ಇಣುಕಿದರು. ಮಾಸ್ತರರ ಮುಖ ನೋಡಿದರು. ಮತ್ತೆ ಟವೆಲು ಸರಿಯಾಗಿ ಹೊದಿಸಿದರು.

“ಸರ, ಇನ್ನೊಮ್ಮೆ ಹಿಡೀರಿ. ಕೈ ಜಾರಿತೇನ ಅಂತೀನಿ.”

“ಜಾರಿಲ್ಲ” ಎಂದರು ಮಾಸ್ತರರು, ಗೋಡೆ ನೋಡುತ್ತಾ.

“ಬ್ಯಾಡವಾ” ಎಂದರು ಕಾಕಾ. ಆಮೇಲೆ ತಡೆಯಲಾಗಲಿಲ್ಲ. ಟವೆಲನ್ನೇ ಬಾಯಿಗೆ ಒತ್ತಿಕೊಂಡು ಭುಜ ಕುಣಿಸಿದರು. ದನದ ಸಂತೆಯ ಗೌಪ್ಯ ಅಲ್ಲಿಗೆ ಮುಗಿಯಿತು.

ವೈನಿ ನಗಲಿಲ್ಲ. ಖಾಲಿ ಚೀಲ ಮಡಿಲಲ್ಲಿತ್ತು, ಬಸ್ಸಿಗೆ ಅರ್ಧ ತಾಸು ಉಳಿದಿತ್ತು. “ಸರ, ನೀವ ತಂದಿದ್ದು ನಿಮಗ ಸೇರಿಲ್ಲ. ಹಂಗಾರ ನಿಮಗ ಸೇರಿದ್ದು ಯಾವುದ್ರಿ? ಹೋದ ವಾರ ತಾಟಿನಾಗ ರೊಟ್ಟಿ ಆರಿ ಹೋದ್ರೂ ಬಿಡಲಾರದ ಓದಿದ್ದು?”

ಮಾಸ್ತರರು ಕೈಚೀಲವನ್ನು ಕಾಲ ಬಳಿಗೆ ಎಳೆದುಕೊಂಡರು.

“ಬಾಯಿಲೆ ಹೇಳ್ತೀರೋ, ಹೊಳ್ಳಿ ಟವೆಲ್ ಹಾಸಲೋ?” ಎಂದರು ಕಾಕಾ.

ಮಾಸ್ತರರು ಕೈಚೀಲದ ತಳದಿಂದ, ಮಫ್ಲರಿನ ಕೆಳಗಿಂದ, ಹಳೆಯ ಪತ್ರಿಕೆಯ ಹೊದಿಕೆ ಹಾಕಿದ ಒಂದು ಪುಟ್ಟ ಪುಸ್ತಕ ತೆಗೆದರು. ಅಂಚುಗಳು ಕಂದಿದ್ದವು. ವೈನಿ ಮೊದಲ ಪುಟ ತಿರುವಿದರು. ಅದರ ಚಿತ್ರದಲ್ಲಿ ಒಂದು ಚೂರಿ, ಒಂದು ಗಡಿಯಾರ, ಕಿರುಚುತ್ತಿರುವ ಒಬ್ಬ ಹೆಂಗಸು. ಅಕ್ಷರ ಮರಾಠಿ.

ಇದರ ತೂಕ ಹೊರಗಿನವರಿಗೆ ತಕ್ಷಣ ತಿಳಿಯದು. ಗಡಿಯ ಈ ತಾಲೂಕುಗಳಲ್ಲಿ ನಾವೆಲ್ಲ ಎರಡೂ ಭಾಷೆಯಲ್ಲಿ ಬೈದಾಡುತ್ತೇವೆ, ಮುದ್ದಾಡುತ್ತೇವೆ. ಆದರೆ ಮಾಸ್ತರರು ಕನ್ನಡದ ಮಾಸ್ತರರು. ಅಂಗಡಿಯ ಬೋರ್ಡಿನಲ್ಲಿ ಒಂದು ಒತ್ತಕ್ಷರ ತಪ್ಪಿದರೆ ಮಾಲೀಕನನ್ನು ಹೊರಗೆ ಕರೆದು ತೋರಿಸುವವರು. ನಮ್ಮ ನಡಾವಳಿಯ ಮೊದಲ ಪುಟದಲ್ಲಿರುವ ಒಂದೇ ನಿಯಮವನ್ನು ಅವರೇ ಹೇಳಿ ಬರೆಸಿದ್ದರು: ‘ಇಲ್ಲಿ ಕನ್ನಡ ಪುಸ್ತಕದ ಮಾತು ಮಾತ್ರ.’

“ಹುಡುಗ ಇದ್ದಾಗ ನಿಪ್ಪಾಣಿಯೊಳಗ ಇದ್ದೆ. ಅಲ್ಲೆ ಹತ್ತಿದ ಚಟ” ಎಂದರು ಮಾಸ್ತರರು, ಆರೋಪಿಯ ಹೇಳಿಕೆಯ ಧಾಟಿಯಲ್ಲಿ. “ಯಾರಿಗೂ ಹೇಳಿಲ್ಲ. ಮನ್ಯಾಗ ಗೊತ್ತೈತಿ, ಅಷ್ಟ.”

ವೈನಿಯ ತವರು ಮಿರಜ ಕಡೆ. ಶಾಲೆ ಕಲಿತದ್ದು ಮರಾಠಿಯಲ್ಲಿ. ಅವರು ನಿಂತಲ್ಲೇ ಮೂರು ಪುಟ ಓದಿಬಿಟ್ಟಿದ್ದರು. ನಾಲ್ಕನೆಯದಕ್ಕೆ ತಿರುವುತ್ತಿದ್ದಾಗ ಮಾಸ್ತರರು ಕೈ ಚಾಚಿದರು.

“ತರ್ರಿ ವೈನಿ. ನಿಯಮ ಐತಿ.”

“ಅಯ್ಯ, ಈಗಷ್ಟ ಹೆಣ ಸಿಕ್ಕೈತಿ, ತಡೀರಿ!”

“ನಿಯಮ ಐತ್ರಿ. ಬರವಣಿಗ್ಯಾಗ ಐತಿ.”

ಮೂವರೂ ನನ್ನ ಕಡೆ ನೋಡಿದರು. ಮುದ್ರಣವಾದದ್ದು ಅಳಿಸುವುದಿಲ್ಲ ಎಂದು ನಂಬಿದವನು ನಾನು; ಆದರೆ ನಡಾವಳಿ ಪುಸ್ತಕ ಎಂದೂ ಮುದ್ರಣಕ್ಕೆ ಹೋಗಿರಲಿಲ್ಲ. ಡೆಸ್ಕಿನ ಭಾಷೆಯಲ್ಲಿ ಅದು ಇನ್ನೂ ಕರಡು. ಅಕ್ಕಪಕ್ಕದ ಎರಡು ಪದ ಅದಲುಬದಲಾಗಿದ್ದರೆ ಅವುಗಳ ನಡುವೆ ಒಂದು ಡೊಂಕು ಗೆರೆ ಎಳೆಯುವುದು ನಮ್ಮ ರೂಢಿ. ಪೆನ್ನಿನ ಮುಚ್ಚಳ ತೆಗೆದು ಆ ಗೆರೆ ಎಳೆದೆ. ನಂತರ ಗಟ್ಟಿಯಾಗಿ ಓದಿದೆ: “ಇಲ್ಲಿ ಪುಸ್ತಕದ ಕನ್ನಡ ಮಾತು ಮಾತ್ರ.”

ಮಾಸ್ತರರು ನಿಯಮವನ್ನು ತುಟಿಯಲ್ಲೇ ಎರಡು ಸಲ ಹೇಳಿಕೊಂಡರು. ತಪ್ಪು ಹುಡುಕುತ್ತಿದ್ದರು. ವ್ಯಾಕರಣ ಸರಿಯಿತ್ತು.

“ಅಂದ್ರ ಪುಸ್ತಕ ಯಾವುದರ ಇರಲಿ, ಇಲ್ಲಿ ಬಂದು ಹೇಳೂದು ಕನ್ನಡದಾಗ” ಎಂದರು ಕಾಕಾ. “ಛಲೋ ಆತು. ನನಗ ಮರಾಠಿ ಮಾತಾಡಾಕ ಬರ್ತದ, ಓದಾಕ ಬರೂದಿಲ್ಲ. ತಂಗಿ ಓದಿ ಬಂದು ನನಗ ಹೇಳಲಿ.”

ವೈನಿ ಅದನ್ನು ಕೇಳಿಸಿಕೊಳ್ಳಲಿಲ್ಲ. ಪುಸ್ತಕ ಚೀಲಕ್ಕೆ ಹಾಕದೆ ಬೆರಳು ಪುಟದೊಳಗೇ ಇಟ್ಟುಕೊಂಡು ಮೆಟ್ಟಿಲು ಇಳಿದರು. ಕೆಳಗೆ ಗೊಬ್ಬರದ ಚೀಲಕ್ಕೆ ಎಡವಿದ ಸದ್ದು ಬಂತು. ಮಾಸ್ತರರು ಕಿಟಕಿಯಿಂದ ಬಗ್ಗಿ, “ವೈನಿ, ಮಾವನ ಮ್ಯಾಲ ಸಂಶಯ ಪಡಬ್ಯಾಡ್ರಿ, ಅಂವ ಅಲ್ಲ!” ಎಂದು ಕೂಗಿದರು. ಬಹಳ ವರ್ಷಗಳಲ್ಲಿ ಅವರು ಒಂದು ಪುಸ್ತಕದ ಬಗ್ಗೆ ಆಡಿದ ಮೊದಲ ಬಿಸಿ ಮಾತು ಅದು ಎಂದು ನನ್ನ ಅಂದಾಜು.

ನಾಲ್ಕನೆಯ ದಿನ ಮಾಸ್ತರರು ನನಗೆ ಫೋನು ಮಾಡಿದರು. ವೈನಿ ಪುಸ್ತಕ ಮುಗಿಸಿದ್ದರು. ಆಳುಗಳು ಬುತ್ತಿ ಕಟ್ಟಿಟ್ಟು ಕತ್ತರಿ ಹಿಡಿದು ನಿಂತಿದ್ದರೂ ಇವರು ಬಳ್ಳಿಯ ಕೆಳಗಿಂದ ಎದ್ದಿರಲಿಲ್ಲವಂತೆ. ಚಾಟ್ನಿ ಇನ್ನೂ ಅರ್ಧವೂ ಆಗಿಲ್ಲ, ಉಳಿದ ದಿನಗಳಿಗೆ ಏನು ಓದಲಿ ಎಂದು ಮಾಸ್ತರರನ್ನೇ ದಬಾಯಿಸಿದ್ದರು.

“ಇನ್ನೂ ಅದಾವೇನ್ರಿ ನಿಮ್ಮ ಹತ್ರ?” ಎಂದು ಕೇಳಿದೆ.

ಅವರು ದನಿ ತಗ್ಗಿಸಿ, “ಒಂದ ಟ್ರಂಕು” ಎಂದರು.

ಮರುದಿನ ಏನೋ ಕೆಲಸಕ್ಕೆ ಹಾರೂಗೇರಿಗೆ ಹೋದವನು ಬಸ್ ನಿಲ್ದಾಣದಲ್ಲಿ ಅವರನ್ನು ಕಂಡೆ. ಅಥಣಿ ದಾಟಿ ಐಗಳಿ ಕಡೆ ಹೋಗುವ ಬಸ್ಸಿನ ಬಾಗಿಲಲ್ಲಿ ನಿಂತು ಕಂಡಕ್ಟರನಿಗೆ ಹಗ್ಗ ಬಿಗಿದ ಒಂದು ಗಂಟು ಕೊಡುತ್ತಿದ್ದರು. ಕ್ರಾಸಿನಲ್ಲಿ ದ್ರಾಕ್ಷಿ ತೋಟದವರು ಬಂದು ಇಳಿಸಿಕೊಳ್ಳುತ್ತಾರೆ ಎಂದು ಎರಡು ಸಲ ಹೇಳಿದರು.

ಕಂಡಕ್ಟರ್ ಗಂಟನ್ನು ತೂಗಿ ನೋಡಿದ. “ಏನೈತ್ರಿ ಸರ ಇದರಾಗ?”

“ಕನ್ನಡ ವ್ಯಾಕರಣ” ಎಂದರು ಮಾಸ್ತರರು. “ಜ್ವಾಕಿ.”

“ಹಂಗಾರ ಚಿಂತಿ ಬಿಡ್ರಿ” ಎಂದು ಅವನು ಅದನ್ನು ಬಾಗಿಲ ಪಕ್ಕದ ಸೀಟಿನ ಕೆಳಗೆ ತಳ್ಳಿದ. “ಯಾರೂ ಮುಟ್ಟಂಗಿಲ್ಲ.”