ಹಿತ್ತಲ ಬಾವಿಗೆ ಕೋಲಾರದಿಂದ ಲಾಗಿನ್

ದೇವರಾಯಸಮುದ್ರದ ಕೆರೆ ತುಂಬಿದ ಮೇಲೆ ನಮ್ಮ ಹಿತ್ತಲ ಬಾವಿಗೂ ನೀರು ಬಂದಿತ್ತು. ಕೆರೆ ಇಳಿದಂತೆ ಬಾವಿ ಎಷ್ಟು ಇಳಿಯುತ್ತದೆ ಎಂದು ನೋಡುವುದೇ ನನ್ನ ಎಂ.ಎಸ್ಸಿ. ಪ್ರಾಜೆಕ್ಟು. ಬಾವಿಗೆ ಸೆನ್ಸರ್ ಇಳಿಬಿಟ್ಟು, ಅದರ ವೈರನ್ನು ನಡುಮನೆಯ ಹಳೆಯ ಕಂಪ್ಯೂಟರಿಗೆ ತಂದಿದ್ದೆ. ಕರೆಂಟು ಹೋದರೂ ನಿಲ್ಲದಿರಲೆಂದು ಪಕ್ಕದಲ್ಲಿ ಒಂದು ಬ್ಯಾಟರಿಯನ್ನೂ ಇಟ್ಟಿದ್ದೆ. ಹತ್ತು ನಿಮಿಷಕ್ಕೊಮ್ಮೆ ನೀರಿನ ಮಟ್ಟ ಅದರಲ್ಲಿ ದಾಖಲಾಗುತ್ತಿತ್ತು. ನಾನಿದ್ದದ್ದು ಕೋಲಾರದ ಹಾಸ್ಟೆಲಿನಲ್ಲಿ. ಹಾಗಾಗಿ ಅಲ್ಲಿಂದಲೇ ಆ ಕಂಪ್ಯೂಟರಿನೊಳಗೆ ಹೋಗುವ ದಾರಿ ಬೇಕಿತ್ತು.

ಅದರಲ್ಲಿ ಲಿನಕ್ಸ್ ಇತ್ತು. ಒಂದು ಭಾನುವಾರ ಕೂತು, ದೂರದಿಂದ ಲಾಗಿನ್ ಆಗಲು ಬಿಡುವ ಎಸ್‌ಎಸ್‌ಎಚ್ ಎಂಬ ಪ್ರೋಗ್ರಾಂ ಹಾಕಿದೆ. ಪಾಸ್‌ವರ್ಡ್ ಹೊಡೆದು ಯಾರೂ ಒಳಬರದಂತೆ ಮಾಡಿ, ನನ್ನ ಲ್ಯಾಪ್‌ಟಾಪಿನಲ್ಲಿರುವ ಕೀ ಫೈಲಿಗೆ ಮಾತ್ರ ಒಪ್ಪಿಗೆ ಕೊಟ್ಟೆ. ಹೊರಗಿನಿಂದ ಒಳಬರಲು ಮನೆಯ ಇಂಟರ್ನೆಟ್ ರೂಟರಿನಲ್ಲಿ ಒಂದು ಪೋರ್ಟ್ ತೆರೆದೆ. ಸೋಮವಾರ ಮಧ್ಯಾಹ್ನ ಒಂದಕ್ಕೆ ಕಾಲೇಜಿನ ಲೈಬ್ರರಿಯಿಂದ ಒಂದು ಸಾಲು ಟೈಪ್ ಮಾಡಿದೆ. ಪರದೆಯ ಮೇಲೆ ಮನೆಯ ಕಂಪ್ಯೂಟರಿನ ಹೆಸರು ಮೂಡಿತು. ನೋಟ್‌ಬುಕ್ಕಿನಲ್ಲಿ ‘ಸೋಮ, ಆಯಿತು’ ಎಂದು ಬರೆದುಕೊಂಡೆ.

ಮಂಗಳವಾರ ಮಧ್ಯಾಹ್ನ ಆಗಲಿಲ್ಲ. ಸಂಜೆ ಆರಕ್ಕೆ ನೋಡಿದರೆ ಸಲೀಸಾಗಿ ತೆರೆಯಿತು. ಪೋರ್ಟಿನದೇ ತಪ್ಪಿರಬೇಕೆಂದು ಅದನ್ನು ಬದಲಿಸಿದೆ. ಬುಧ, ಗುರು ಎರಡೂ ದಿನ ಚೆನ್ನಾಗಿ ನಡೆಯಿತು. ನನ್ನ ರಿಪೇರಿ ಫಲಿಸಿತೆಂದು ಖುಷಿಪಟ್ಟೆ. ಶುಕ್ರವಾರ ಮತ್ತೆ ನಿಂತಿತು. ಈ ಸಲ ಹೊರಗಿನವರನ್ನು ತಡೆಯುವ ಫೈರ್‌ವಾಲ್ ತಿದ್ದಿದೆ. ಶನಿವಾರ ತೆರೆಯಿತು.

ನಾಲ್ಕು ವಾರ ಹೀಗೇ ನಡೆಯಿತು. ಬಾಗಿಲು ತೆರೆಯುತ್ತದೋ ಇಲ್ಲವೋ ಎಂಬ ಕುತೂಹಲದಲ್ಲಿ ಒಳಗೇನಿದೆ ಎಂದು ನೋಡುವುದನ್ನೇ ಮರೆತಿದ್ದೆ. ತಿಂಗಳ ಕೊನೆಗೆ ಫೈಲು ತೆರೆದರೆ ಎಂಟು ದಿನ ಹಗಲಿಡೀ ಖಾಲಿ. ಪ್ರಾಜೆಕ್ಟಿನ ಗೈಡ್ ಮೇಡಂ ನೋಡಿ, ಇದು ಲೆಕ್ಕಕ್ಕೆ ಬರುವುದಿಲ್ಲ, ಮತ್ತೆ ಮೊದಲಿನಿಂದ ಅಳೆಯಬೇಕು ಎಂದರು. ವರದಿ ಕೊಡಲು ಉಳಿದಿದ್ದದ್ದು ಐದೇ ವಾರ. ಇನ್ನೊಮ್ಮೆ ತಪ್ಪಿದರೆ ಆ ವರ್ಷದ ಪ್ರಾಜೆಕ್ಟು ಹೋದಂತೆ.

ನೋಟ್‌ಬುಕ್ಕನ್ನು ವಾರದ ಪ್ರಕಾರ ಅಡ್ಡಗೆರೆ ಹಾಕಿ ಮತ್ತೆ ಬರೆದೆ. ಎಂಟು ಸೋಲೂ ಎರಡೇ ಸಾಲಿನಲ್ಲಿ ಬಂದವು: ಮಂಗಳವಾರ, ಶುಕ್ರವಾರ. ಪೋರ್ಟಿಗೂ ಫೈರ್‌ವಾಲಿಗೂ ವಾರ ಗೊತ್ತಿರುವುದಿಲ್ಲ. ನಮ್ಮ ಮನೆಯಲ್ಲಿ ವಾರ ಗೊತ್ತಿರುವವರು ಅಜ್ಜಿ.

ಅಜ್ಜಿಗೆ ಫೋನ್ ಮಾಡಿ, ಕಂಪ್ಯೂಟರಿನ ಪ್ಲಗ್ ಕಿತ್ತಿದ್ದು ನೀನಾ ಎಂದು ಕೇಳಿದೆ.

“ಇನ್ಯಾರು ಕೀಳ್ತಾರೆ? ಮಂಗಳವಾರ, ಶುಕ್ರವಾರ ಮನೆ ತೊಳೀದೆ ಇರಕ್ಕಾಗ್ತದಾ? ನೆಲದ ಮೇಲೆ ಕರೆಂಟು ಇಟ್ಟು ಹೋಗಿದೀಯ. ನೀರು ಹುಯ್ದು ನಾನು ಸಾಯ್ಲಾ? ಪ್ಲಗ್ ಕಿತ್ತ ಕೂಡ್ಲೆ ಆ ಬ್ಯಾಟರಿ ಪೆಟ್ಟಿಗೆ ಕುಯ್ಯೋ ಅಂತಿತ್ತು, ಅದನ್ನೂ ಆರಿಸ್ದೆ.”

ಅಮ್ಮ ಅಂಗನವಾಡಿಯಿಂದ ಸಂಜೆ ಬಂದು ಮತ್ತೆ ಹಾಕುತ್ತಿದ್ದಳಂತೆ. ಮನೆ ತೊಳೆಯುವುದನ್ನು ಬೇರೆ ದಿನಕ್ಕೆ ಹಾಕು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಆ ಭಾನುವಾರ ಊರಿಗೆ ಹೋಗಿ ಎಕ್ಸ್‌ಟೆನ್ಷನ್ ಬೋರ್ಡನ್ನು ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದೆ. ಕಂಪ್ಯೂಟರು, ಬ್ಯಾಟರಿ ಎರಡೂ ಬೆಂಚಿನ ಮೇಲೆ ಹೋದವು. ಅಜ್ಜಿ ಬಗ್ಗಿ, ನೆಲದಲ್ಲಿ ಒಂದು ವೈರೂ ಇಲ್ಲವೆಂದು ನೋಡಿಕೊಂಡ ಮೇಲೆಯೇ ಒಪ್ಪಿದ್ದು.

ಮಂಗಳವಾರ ಒಂದು ಗಂಟೆಗೆ ಟೈಪ್ ಮಾಡಿದೆ. ತೆರೆಯಿತು. ಈ ಸಲ ಮೊದಲು ಫೈಲು ನೋಡಿದೆ. ಎಲ್ಲೂ ಖಾಲಿ ಇರಲಿಲ್ಲ. ಆದರೆ ಹತ್ತೂವರೆಯಿಂದ ಹನ್ನೊಂದರೊಳಗೆ ನೀರು ಮೂರು ಸೆಂಟಿಮೀಟರ್ ಇಳಿದು, ಆಮೇಲೆ ಮೆಲ್ಲಗೆ ಏರುತ್ತಿತ್ತು. ಬೇರೆ ಯಾವ ದಿನವೂ ಹಾಗಾಗಿರಲಿಲ್ಲ.

ಮತ್ತೆ ಫೋನ್ ಮಾಡಿದೆ. “ಅಜ್ಜೀ, ಮನೆ ತೊಳೆಯಕ್ಕೆ ಬಾವಿ ನೀರಾ?”

“ಮತ್ತೆ? ನಲ್ಲಿ ನೀರು ಕುಡಿಯಕ್ಕೇ ಸಾಲಲ್ಲ. ಹದಿನಾರು ಬಿಂದಿಗೆ ಸೇದ್ದೆ. ಯಾಕೆ, ಅದೂ ಕಾಣಿಸ್ತದಾ ಅಲ್ಲಿಗೆ?”

ಕಾಣಿಸುತ್ತದೆ ಎಂದೆ. ನಾನು ಕಳೆದುಕೊಂಡಿದ್ದ ಎಂಟು ದಿನಗಳೂ ಬಾವಿಯಿಂದ ನೀರು ಸೇದಿದ ದಿನಗಳೇ. ಕೆರೆಯಿಂದಾದ ಇಳಿತವನ್ನೂ ಅಜ್ಜಿ ಸೇದಿದ್ದರಿಂದಾದ ಇಳಿತವನ್ನೂ ಬೇರೆ ಮಾಡಬೇಕಿತ್ತು. ನೋಟ್‌ಬುಕ್ಕಿನಲ್ಲಿ ಹೊಸದೊಂದು ಕಾಲಂ ಎಳೆದು ಬರೆದೆ: ಮಂಗಳ, ಆಯಿತು, ಹದಿನಾರು ಬಿಂದಿಗೆ.