ಅಪ್ಪ ‘ಪಾಸ್ ಔಟ್’ ಆಗಿದ್ದರೇ?

ಹೊಸನಗರದ ಇಂಗ್ಲಿಷ್ ಮಾಧ್ಯಮ ಶಾಲೆಯೊಂದರ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಫೋನ್ ರಿಂಗಾದರೆ ಸಾಕು, ನನ್ನ ಎದೆ ಡವಡವ ಎನ್ನುತ್ತಿತ್ತು. ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಇಂಗ್ಲಿಷಿನ ದೊಡ್ಡ ದೊಡ್ಡ ಪದಗಳಿಗೆ ಅಷ್ಟೇನೂ ಹೆದರುತ್ತಿರಲಿಲ್ಲ, ಅವು ಡಿಕ್ಷನರಿಯಲ್ಲಿ ಸಿಗುತ್ತವೆ. ಹೆದರಿಕೆಯೆಲ್ಲ ಚಿಲ್ಲರೆ ಪದಗಳದ್ದು. ಪುಟ್ ಗೊತ್ತು, ಆಫ್ ಗೊತ್ತು. ಎರಡೂ ಸೇರಿ ‘ಪುಟ್ ಆಫ್’ ಆದರೆ ಮೀಟಿಂಗ್ ಮುಂದಕ್ಕೆ ಹೋಗುತ್ತದೆ. ಅದೇ ಪುಟ್ ಜೊತೆ ಥ್ರೂ ಬಂದರೆ ಫೋನನ್ನು ಪ್ರಿನ್ಸಿಪಾಲರಿಗೆ ಕೊಡಬೇಕು. ಒಮ್ಮೆ ಪೋಷಕರೊಬ್ಬರು ಸ್ವಲ್ಪ ತಾಳಿ ಎನ್ನಲು ‘ಹ್ಯಾಂಗ್ ಆನ್’ ಎಂದಾಗ, ಇಡಲು ಹೇಳಿದರೆಂದುಕೊಂಡು ನಾನು ಫೋನ್ ಇಟ್ಟುಬಿಟ್ಟಿದ್ದೆ. ಅವರು ಮತ್ತೆ ಫೋನ್ ಮಾಡಿ ಬೈದರು. ಬೈಗುಳ ಮಾತ್ರ ಪೂರ್ತಿ ಅರ್ಥವಾಯಿತು.

ಕೆಲಸ ಹೋದೀತೆಂಬ ಭಯಕ್ಕೆ ನಾನೊಂದು ವಾಟ್ಸಾಪ್ ಗುಂಪಿಗೆ ಸೇರಿದೆ. ತೀರ್ಥಹಳ್ಳಿಯ ನಿವೃತ್ತ ಉಪನ್ಯಾಸಕಿಯೊಬ್ಬರು ಬೆಳಿಗ್ಗೆ ಇಂಥ ಜೋಡಿ ಪದಗಳನ್ನು ವಾಯ್ಸ್ ಮೆಸೇಜಿನಲ್ಲಿ ಹೇಳಿಕೊಡುತ್ತಿದ್ದರು. ಸಾಗರದಿಂದ ಹೊಸನಗರಕ್ಕೆ ಹೋಗುವ ಬಸ್ಸಿನಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳುತ್ತಿದ್ದೆ. “ಹೆದ್ರಬೇಡಿ, ನಮ್ಮಲ್ಲೂ ಇದೆ ಇದು. ‘ತಪ್ಪು’ ಅನ್ನೋದನ್ನೇ ತಗೊಳ್ಳಿ. ದಾರಿ ತಪ್ಪಿದ, ಮಾತು ತಪ್ಪಿದ, ಕೆಲಸ ಕೈತಪ್ಪಿತು. ಮೂರೂ ಒಂದೇನಾ?” ಎಂದಿದ್ದರು ಒಮ್ಮೆ. ಕೈತಪ್ಪಿದ ಕೆಲಸದ ಉದಾಹರಣೆ ಬೇಡವಾಗಿತ್ತು ಅನ್ನಿಸಿತು.

ಆ ಭಾನುವಾರ ಅಪ್ಪ ಸ್ಟೂಲಿನಿಂದ ಬಿದ್ದರು. ಜೋಗದ ವಿದ್ಯುದಾಗಾರದಲ್ಲಿ ದುಡಿದು ನಿವೃತ್ತರಾದವರು, ಸಾಗರದ ನಮ್ಮ ಬಾಡಿಗೆ ಮನೆಯ ಬಚ್ಚಲಿಗೆ ಬಲ್ಬ್ ಹಾಕಲು ಹೋಗಿ ಬಿದ್ದರು. ಸದ್ದು ಕೇಳಿ ನಾನೂ ಅಮ್ಮನೂ ಓಡಿದೆವು. ಕರೆದರೆ ಓಗೊಡಲಿಲ್ಲ, ಅಲುಗಿಸಿದರೂ ಏಳಲಿಲ್ಲ. ತಲೆಯ ಗಾಯದಿಂದ ರಕ್ತ ಸೋರುತ್ತಿತ್ತು. ಅಮ್ಮ ಮುಖಕ್ಕೆ ನೀರು ಚಿಮುಕಿಸಿ ಚಿಮುಕಿಸಿ ಕೂಗಿದ ಮೇಲೆ ಕಣ್ಣು ಬಿಟ್ಟು, “ಬಲ್ಬ್ ಒಡೀತಾ?” ಎಂದು ಕೇಳಿದರು.

ಅಮ್ಮನನ್ನು ಮನೆಯಲ್ಲೇ ಬಿಟ್ಟು, ಆಟೋದಲ್ಲಿ ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡ್ಯೂಟಿಯಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರು ಬೇರೆ ರಾಜ್ಯದವರು, ಕನ್ನಡ ಬಾರದು. ಗಾಯಕ್ಕೆ ಹೊಲಿಗೆ ಹಾಕುತ್ತ ಇಂಗ್ಲಿಷಿನಲ್ಲಿ ಒಂದೊಂದೇ ಪ್ರಶ್ನೆ ಕೇಳಿದರು. ನಾನು ಪರೀಕ್ಷೆಗೆ ಕೂತವಳಂತೆ ಬೆವರುತ್ತಿದ್ದೆ. ಜೋಗದಲ್ಲಿ ಎಂಜಿನಿಯರುಗಳ ಜೊತೆ ಒಡನಾಡಿದ ಅಪ್ಪ ಮಾತ್ರ ತಾವೇ ಉತ್ತರಿಸುತ್ತಿದ್ದರು. ಆಗ ಬಂತು ಆ ಪ್ರಶ್ನೆ: “ಡಿಡ್ ಯು ಪಾಸ್ ಔಟ್?”

ಅಪ್ಪನ ಮುಖ ಕಪ್ಪಿಟ್ಟಿತು. ಪಿಯುಸಿ ಅರ್ಧಕ್ಕೇ ಬಿಟ್ಟದ್ದು ಅವರ ಮಟ್ಟಿಗೆ ಇವತ್ತಿಗೂ ಮಾಯದ ಗಾಯ. “ನೋ ಸರ್. ನಾಟ್ ಪಾಸ್ ಔಟ್. ಡಿಸ್‌ಕಂಟಿನ್ಯೂ,” ಎಂದರು.

ಡಾಕ್ಟರು ಒಂದು ಗಳಿಗೆ ಅಪ್ಪನ ಮುಖ ನೋಡಿ, ಏನೋ ಬರೆದುಕೊಂಡರು. ಹೊರಗೆ ಜನ ಕಾಯುತ್ತಿದ್ದರು. ನನಗೂ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ನಮ್ಮ ಶಾಲೆಯಲ್ಲಿ ಪ್ರತಿಯೊಬ್ಬ ಶಿಕ್ಷಕಿಯೂ ಯಾವುದಾದರೊಂದು ಕಾಲೇಜಿನಿಂದ ಪಾಸ್ ಔಟ್ ಆದವರೇ. ಕೇಸ್ ಶೀಟಿಗೆ ಓದಿನ ವಿವರವೂ ಬೇಕೇನೋ ಅಂದುಕೊಂಡೆ. ನೀರು ಚಿಮುಕಿಸಿ ಎಬ್ಬಿಸಿದ ವಿಷಯ ನನ್ನ ನಾಲಿಗೆಯ ತುದಿಯಲ್ಲೇ ಇತ್ತು, ಡಾಕ್ಟರು ಕೇಳಿದಾಗ ಹೇಳಿದರಾಯಿತು ಎಂದು ಕಾಯುತ್ತಿದ್ದೆ. ಅವರು ಕೇಳಿ ಆಗಿತ್ತು ಎಂದು ನನಗೇನು ಗೊತ್ತು?

ಮಾತ್ರೆ ಕೊಟ್ಟು ಮನೆಗೆ ಕಳಿಸಿದರು. ವಾಂತಿ ಆದ್ರೆ ಕರ್ಕೊಂಡು ಬನ್ನಿ ಎಂದು ನರ್ಸ್ ಹೇಳಿದಳು. ಆಟೋದಲ್ಲಿ ಅಪ್ಪ ಗೊಣಗುತ್ತಲೇ ಬಂದರು: “ತಲೆ ಒಡ್ಕೊಂಡು ಬಂದವ್ನ ಹತ್ರ ಮಾರ್ಕ್ಸ್ ಕಾರ್ಡ್ ಕೇಳ್ತಾನಲ್ಲೆ ಅವ.” ನಾನು ನಕ್ಕುಬಿಟ್ಟೆ.

ಮರುದಿನ ಬೆಳಿಗ್ಗೆ ಅಪ್ಪ ತಲೆ ಭಾರ ಎಂದು ಮಲಗಿದ್ದರು. ಡಾಕ್ಟರೇ ಮನೆಗೆ ಕಳಿಸಿದ್ದಾರಲ್ಲ ಎಂಬ ಧೈರ್ಯದಲ್ಲಿ ಬಸ್ಸು ಹತ್ತಿದೆ. ದಾರಿಯಲ್ಲಿ ಬಟ್ಟೆಮಲ್ಲಪ್ಪ ಎಂಬ ಊರು ದಾಟಿದ ಮೇಲೆ ವಾಟ್ಸಾಪ್ ಗುಂಪಿನ ಮೇಡಂ ಅವರ ಮೆಸೇಜ್ ಹಾಕಿಕೊಂಡೆ. ಅಂದು ‘ಪಾಸ್’ನ ಸರದಿ. ಪಾಸ್ ಅವೇ ಅಂದರೆ ತೀರಿಹೋಗುವುದು. ಪಾಸ್ ಆನ್ ಅಂದರೆ ದಾಟಿಸುವುದು. “ಇನ್ನು ಪಾಸ್ ಔಟ್. ನಾವೆಲ್ಲ ಕಾಲೇಜು ಮುಗ್ಸಿದ್ದಕ್ಕೆ ಹೇಳ್ತೀವಿ, ಸರಿ. ಆದ್ರೆ ಡಾಕ್ಟ್ರು ಕೇಳಿದ್ರೆ ಅದಲ್ಲ ಅರ್ಥ. ಪ್ರಜ್ಞೆ ತಪ್ಪಿತ್ತಾ ಅಂತ.”

ನಾನು ಇಯರ್‌ಫೋನ್ ಕಿತ್ತೆ. ಮನೆಗೆ ಫೋನ್ ಮಾಡಿದರೆ ನೆಟ್‌ವರ್ಕ್ ಇಲ್ಲ. ಮತ್ತೆ ಮಾಡಿದೆ, ಮತ್ತೆ ಮಾಡಿದೆ. ಬಸ್ಸು ಕೈ ಅಡ್ಡ ಹಾಕಿದವರಿಗೆಲ್ಲ ನಿಲ್ಲುತ್ತಿತ್ತು. ಒಬ್ಬಾಕೆ ಬಾಳೆಗೊನೆ ಹತ್ತಿಸುವಷ್ಟು ಹೊತ್ತಿಗೆ ನನಗೆ ಜೀವವೇ ಹೋದಂತಾಯಿತು. ಅಪ್ಪನಿಗೆ ಏನಾದರೂ ಆದರೆ ಈ ಎರಡು ಪುಟಗೋಸಿ ಪದಗಳನ್ನು ಯಾರ ಮೇಲೆ ಹೊರಿಸಲಿ ಎಂದು ಸಿಟ್ಟೂ ಬರುತ್ತಿತ್ತು.

ಹೊಸನಗರದ ಬಸ್ ಸ್ಟ್ಯಾಂಡಿನಲ್ಲಿ ಅಮ್ಮ ಫೋನಿಗೆ ಸಿಕ್ಕಳು. “ಅಪ್ಪನ್ನ ಎಬ್ಸು,” ಅಂದೆ.

“ಈಗಷ್ಟೆ ಕಣ್ಣು ಮುಚ್ಚಿದಾರೆ. ಎಂತಕ್ಕೆ ಎಬ್ಸೂದು?”

“ಮೊದ್ಲು ಎಬ್ಸು ಅಮ್ಮ.”

ಅಮ್ಮ ರೀ, ರೀ ಎಂದು ಕರೆಯುವುದು ಕೇಳಿಸಿತು. ಕರೆಯುತ್ತಲೇ ಇದ್ದಳು. ಆಮೇಲೆ ಮತ್ತೆ ಫೋನಿಗೆ ಬಂದಳು. “ಕಣ್ ಬಿಡ್ತಾರೆ, ಮತ್ತೆ ಮುಚ್ಕೋತಾರೆ ಕಣೆ. ಮಾತು ತೊದಲ್ತಿದೆ.”

ಪಕ್ಕದ ಮನೆಯವರು ಅಪ್ಪನನ್ನು ಅದೇ ಆಸ್ಪತ್ರೆಗೆ ಒಯ್ದರು. ಏನು ಹೇಳಬೇಕೆಂದು ಅಮ್ಮನಿಗೆ ಫೋನಿನಲ್ಲೇ ಬಾಯಿಪಾಠ ಮಾಡಿಸಿದೆ: ಪಾಸ್ ಔಟ್, ಯೆಸ್. ನಾನು ತಿರುಗಿ ಸಾಗರ ಮುಟ್ಟುವ ಹೊತ್ತಿಗೆ ಸ್ಕ್ಯಾನ್ ಆಗಿತ್ತು. ತಲೆಯೊಳಗೆ ರಕ್ತ ಹೆಪ್ಪುಗಟ್ಟುತ್ತಿದೆ, ಕೂಡಲೇ ಶಿವಮೊಗ್ಗಕ್ಕೆ ಹೋಗಿ ಎಂದರು. ಆಂಬುಲೆನ್ಸಿನಲ್ಲಿ ಅಪ್ಪನ ಕೈ ಹಿಡಿದು ಕೂತೆ.

ಆಪರೇಷನ್ ಮುಗಿದು ಬಹಳ ಹೊತ್ತಾದ ಮೇಲೆ ಸರ್ಜನ್ ಹೊರಗೆ ಬಂದರು. “ಹಿ ಹ್ಯಾಸ್ ಕಮ್ ರೌಂಡ್,” ಎಂದರು.

ಕಮ್ ಗೊತ್ತು, ರೌಂಡ್ ಗೊತ್ತು. ಎರಡೂ ಸೇರಿ ಅಪ್ಪನಿಗೆ ಏನಾಯಿತು ಅನ್ನುವುದು ಗೊತ್ತಿಲ್ಲ. ಡಾಕ್ಟರ ಮುಖದಲ್ಲಿ ನಗುವಿರಲಿಲ್ಲ, ದಣಿವಿತ್ತು. “ಎಂತ ಹೇಳಿದ್ರು ಅವ್ರು?” ಎಂದು ಅಮ್ಮ ನನ್ನ ತೋಳು ಹಿಡಿದಳು. ಇಂಗ್ಲಿಷ್ ಶಾಲೆಯಲ್ಲಿ ಕೆಲಸ ಮಾಡುವ ಮಗಳು ನಾನು. ಕಾಯುತ್ತಿದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಡಾಕ್ಟರು ಆಗಲೇ ಹೊರಡಲು ತಿರುಗಿದ್ದರು.

“ಸರ್, ನಂಗೆ ಅರ್ಥ ಆಗ್ಲಿಲ್ಲ,” ಎಂದೆ. “ಅಪ್ಪ ಬದುಕಿದಾರಾ?”

ಅವರು ನಿಂತರು. ನನ್ನನ್ನೂ ಅಮ್ಮನನ್ನೂ ನೋಡಿ, ಹತ್ತಿರ ಬಂದರು.

“ಎಚ್ಚರ ಆಗಿದೆ ಕಣಮ್ಮ. ನಿಮ್ಮನ್ನೇ ಕೇಳ್ತಿದಾರೆ.”

ಅಮ್ಮ ಅಲ್ಲೇ ಕುಸಿದು ಕೂತು ಅತ್ತಳು. ನಾನು ಡಾಕ್ಟರ ಮುಖವನ್ನೇ ನೋಡುತ್ತ ನಿಂತೆ. ಅವರಿಗೆ ಕನ್ನಡ ಬರುತ್ತಿತ್ತು.